ಎಳೆಯ ಜೀವವೂ ಹಿರಿಯರ ಪ್ರಮಾದವೂ

ವ್ರತವೆಂಬುದು ಸಂಕಲ್ಪಪೂರ್ವಕವಾದ ತ್ಯಾಗ. ಬಿಡಬೇಕಾದುದು ಯಾವುದು, ಅದನ್ನು ಏಕೆ ಬಿಡಬೇಕು ಎಂಬುದನ್ನು ಅರಿತು, ಬಿಡುವ ಶಕ್ತಿಯುಳ್ಳವನು ಬಿಟ್ಟಾಗ ಮಾತ್ರ ಅದಕ್ಕೆ ವ್ರತವೆಂಬ ಹೆಸರು ಸಲ್ಲುತ್ತದೆ. ಆದುದರಿಂದಲೇ ಎಂಟು ವರ್ಷ ತುಂಬದ ಬಾಲಕರಿಗೆ ಶಾಸ್ತ್ರವು ಸಂಯಮದ ಅರ್ಹತೆಯನ್ನು ಹೇಳಿಲ್ಲ. ಹಸುಳೆಯು ಹಾಲು ಕುಡಿಯದೆ ಮಲಗಿದರೆ ಅದು ಉಪವಾಸವಾಗುವುದಿಲ್ಲ. ಕೊಟ್ಟುದನ್ನೆಲ್ಲ ಬಾಯಿಗಿಟ್ಟುಕೊಂಡರೆ ಅದು ವ್ರತಭಂಗವೂ ಆಗುವುದಿಲ್ಲ. ಇದು ಶ್ರಾವಕ ಶ್ರಾವಿಕೆಯರೆಲ್ಲರಿಗೂ ತಿಳಿದ ಸಂಗತಿಯೇ. ಆದರೆ ಈ ಮಾತಿಗೆ ಇನ್ನೊಂದು ಮುಖವಿದೆ. ಬೇಡವೆನ್ನುವ ಶಕ್ತಿಯಿಲ್ಲದ ಆ ಎಂಟು ವರ್ಷಗಳಲ್ಲಿ, ಅದಕ್ಕೂ ಹಿಂದಿನ ಗರ್ಭವಾಸದ ತಿಂಗಳುಗಳಲ್ಲಿ, ಆ ಜೀವದ ಶರೀರವನ್ನು ಸೇರುವ ಗಾಳಿ, ನೀರು, ಆಹಾರ, ಧೂಳುಗಳ ಹೊಣೆ ಯಾರದು? ವ್ರತಗಳ ವಿಚಾರವಾಗಿ ಇಷ್ಟೊಂದು ಸೂಕ್ಷ್ಮವಾಗಿ ಚರ್ಚಿಸುವ ಸಮಾಜವು ಈ ಪ್ರಶ್ನೆಯನ್ನೂ ಅಷ್ಟೇ ಸೂಕ್ಷ್ಮವಾಗಿ ಪರಿಶೀಲಿಸುವುದು ಅವಶ್ಯಕ.

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ವೈದ್ಯಶಾಸ್ತ್ರವು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿರುವುದೇನೆಂದರೆ, ಮನುಷ್ಯನಿಗೆ ತ್ಯಾಗದ ಶಕ್ತಿ ಇಲ್ಲದಿರುವ ಕಾಲವೇ ಹೊರಗಿನ ವಸ್ತುಗಳು ಅವನ ಶರೀರದ ಮೇಲೆ ಅತ್ಯಂತ ಆಳವಾದ ಪರಿಣಾಮ ಮಾಡುವ ಕಾಲವೂ ಆಗಿದೆ. ಮಗುವು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಆಹಾರ ಸೇವಿಸುತ್ತದೆ. ಅದು ನೆಲದ ಮೇಲೆ ಅಂಬೆಗಾಲಿಡುತ್ತದೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆ. ವಿಷವನ್ನು ಪರಿವರ್ತಿಸಿ ಹೊರಹಾಕಬೇಕಾದ ಯಕೃತ್ತು, ಮೂತ್ರಪಿಂಡಗಳು ಅದರಲ್ಲಿ ಇನ್ನೂ ಬಲಿತಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೆದುಳು, ಶ್ವಾಸಕೋಶ, ಗ್ರಂಥಿಗಳು ರೂಪುಗೊಳ್ಳುತ್ತಿರುವ ಕಾಲವದು. ಸುಟ್ಟ ಗಡಿಗೆಯ ಮೇಲೆ ಬೆರಳೊತ್ತಿದರೆ ಗುರುತು ಮೂಡದು. ಹಸಿಯ ಗಡಿಗೆಯ ಮೇಲೆ ಒತ್ತಿದ ಬೆರಳು ಗಡಿಗೆಯನ್ನು ಸುಟ್ಟ ಮೇಲೂ ಉಳಿದುಕೊಳ್ಳುತ್ತದೆ.

ಒಂದೆರಡು ನಿದರ್ಶನಗಳನ್ನು ನೋಡಬಹುದು. ಸೀಸವು ಹೊಟ್ಟೆಗೆ ಹೋದಾಗ ದೊಡ್ಡವರ ಶರೀರವು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಮಗುವಿನ ಶರೀರವು ಹೀರಿಕೊಳ್ಳಬಲ್ಲದು. ಅದು ಬುದ್ಧಿಶಕ್ತಿಯನ್ನೂ ಗಮನವಿಡುವ ಸಾಮರ್ಥ್ಯವನ್ನೂ ಕುಗ್ಗಿಸುತ್ತದೆ. ಇಷ್ಟು ಪ್ರಮಾಣವಿದ್ದರೆ ಬಾಧೆಯಿಲ್ಲ ಎಂದು ಹೇಳಬಹುದಾದ ಯಾವ ಮಿತಿಯೂ ಸಿಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ತಾಯಿಯ ಎಲುಬಿನಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿದ್ದ ಸೀಸವು ಗರ್ಭಿಣಿಯಾದಾಗ ರಕ್ತಕ್ಕೆ ಇಳಿದು ಶಿಶುವನ್ನು ತಲಪುವುದುಂಟು. ಜಪಾನಿನ ಮಿನಮಾತಾ ಕೊಲ್ಲಿಯ ದುರಂತವು ಇನ್ನೂ ಕಠೋರವಾದುದು. ಅಲ್ಲಿಯ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸವು ಮೀನಿನ ಮೂಲಕ ಜನರ ದೇಹವನ್ನು ಸೇರಿತು; 1956ರಲ್ಲಿ ರೋಗವು ಅಧಿಕೃತವಾಗಿ ಬೆಳಕಿಗೆ ಬಂದಿತು. ತಮಗೆ ಅಲ್ಪಸ್ವಲ್ಪ ಬಾಧೆ ಮಾತ್ರ ಇದ್ದ ತಾಯಂದಿರು ನಡೆಯಲಾರದ, ನುಡಿಯಲಾರದ ಮಕ್ಕಳನ್ನು ಹೆತ್ತರು. ಗರ್ಭದೊಳಗೆ ಮಗುವನ್ನು ಪೋಷಿಸುವ ಮಾಸು ಎಲ್ಲ ವಿಷವನ್ನೂ ತಡೆಯುವ ಕೋಟೆಯೆಂಬ ಆವರೆಗಿನ ನಂಬಿಕೆಯು ಅಲ್ಲಿ ಸುಳ್ಳಾಯಿತು.

ಗರ್ಭವಾಸದ ಸ್ಥಿತಿಗತಿಗಳು ಎಷ್ಟು ದೂರ ಹಿಂಬಾಲಿಸುತ್ತವೆ ಎಂಬುದಕ್ಕೆ ಕನ್ನಡ ನಾಡಿನದೇ ಒಂದು ಸಾಕ್ಷ್ಯವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟ ದಾಖಲೆಗಳು ಉಳಿದುಬಂದವು. ಆ ಶಿಶುಗಳಲ್ಲಿ ಹಲವರನ್ನು ಅವರು ನಡುವಯಸ್ಸು ದಾಟಿದ ಮೇಲೆ ಹುಡುಕಿ ಪರೀಕ್ಷಿಸಲಾಯಿತು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯರೋಗವು ಹೆಚ್ಚಾಗಿದ್ದುದು ಕಂಡುಬಂದಿತು. ಈ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿ ಬಿದ್ದ ಗುರುತನ್ನು ಶರೀರವು ಅರ್ಧ ಶತಮಾನದ ನಂತರವೂ ಹೊತ್ತಿರುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

ಇವೆಲ್ಲ ಕಾರ್ಖಾನೆಗಳ, ನಗರಗಳ ಮಾತು. ಹಳ್ಳಿಗಳಿಗೆ ಇವುಗಳ ಸೋಂಕಿಲ್ಲ ಎಂದು ಭಾವಿಸುವವರುಂಟು. ಅಂಕೋಲೆ ತಾಲೂಕಿನ ರಾಮನಗುಳಿಯನ್ನೇ ತೆಗೆದುಕೊಳ್ಳಬಹುದು. ಧಾರವಾಡದ ಕಡೆ ಹುಟ್ಟಿ ಬೇಡ್ತಿಯೆಂಬ ಹೆಸರಿನಿಂದ ಹರಿದುಬರುವ ಹೊಳೆಯು ಗಂಗಾವಳಿಯಾಗಿ ಅದರ ಪಕ್ಕದಲ್ಲಿ ಸಾಗುತ್ತದೆ. ಸುತ್ತಲೂ ಘಟ್ಟದ ಕಾಡು, ಅಡಿಕೆಯ ತೋಟ. ಹೊಗೆಯುಗುಳುವ ಕಾರ್ಖಾನೆಯ ಕೊಳವೆ ಕಣ್ಣಿಗೆ ಬೀಳದ ಇಂಥ ಊರಿನ ಗಾಳಿ ನಿರ್ಮಲವೆಂದು ಯಾರಾದರೂ ಹೇಳುವರು. ಆದರೆ ಇಂಥ ಊರುಗಳಲ್ಲಿ ಹೊಗೆಯಿರುವುದು ಮನೆಯ ಹೊರಗಲ್ಲ, ಒಳಗೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿರುತ್ತದೆ. ಬಾಗಿಲು ಕಿಟಕಿಗಳು ಮುಚ್ಚಿರುತ್ತವೆ. ಒಲೆಯ ಮುಂದೆ ಗರ್ಭಿಣಿಯೋ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡ ತಾಯಿಯೋ ಕುಳಿತಿರುತ್ತಾಳೆ. ಕಟ್ಟಿಗೆಯ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಅನಿಲವು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುವುದರಿಂದ ಗರ್ಭಸ್ಥ ಶಿಶುವಿಗೆ ದೊರೆಯಬೇಕಾದ ಪ್ರಾಣವಾಯು ಕಡಿಮೆಯಾಗುತ್ತದೆ. ಶಿಶು ಕಡಿಮೆ ತೂಕದಿಂದ ಹುಟ್ಟುವ ಸಂಭವ ಹೆಚ್ಚುತ್ತದೆ. ಮನೆಯೊಳಗಿನ ಹೊಗೆಯು ಎಳೆಯ ಮಕ್ಕಳಲ್ಲಿ ನ್ಯುಮೋನಿಯಾದ ಅಪಾಯವನ್ನು ಸುಮಾರು ಇಮ್ಮಡಿಯಾಗಿಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಇದಕ್ಕೆ ಈಚೆಗೆ ಇನ್ನೊಂದು ಸೇರಿಕೊಂಡಿದೆ: ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲಗಳನ್ನು ಉರಿಸುವ ರೂಢಿ. ಇನ್ನು ಹೆದ್ದಾರಿಯ ವಿಷಯ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಹೊಸಪೇಟೆಗಳ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು ಬೇಲೆಕೇರಿ, ಕಾರವಾರ ಬಂದರುಗಳಿಗೆ ಸಾಗಿದ್ದು ಹುಬ್ಬಳ್ಳಿ-ಅಂಕೋಲೆ ರಸ್ತೆಯಲ್ಲಿಯೇ. 2010ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಷೇಧಿಸುವವರೆಗೆ ರಸ್ತೆಯ ಬದಿಯ ಊರುಗಳು ಆ ಧೂಳನ್ನು ಉಂಡವು. ಅದಿರಿನ ಹಣ, ಹಡಗುಗಳ ಲೆಕ್ಕ ತನಿಖೆಯಲ್ಲಿ ಬಂದಿತು. ರಸ್ತೆಯ ಪಕ್ಕದ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಉಸಿರಿನ ಲೆಕ್ಕವನ್ನು ಕೇಳಿದವರು ವಿರಳ.

ಆದರೆ ಕನ್ನಡಿಗರು ಎಂದಿಗೂ ಮರೆಯಬಾರದ ಪ್ರಸಂಗವು ಕರಾವಳಿಯ ದಕ್ಷಿಣದ ತುದಿಯಲ್ಲಿ, ಕಾಸರಗೋಡಿನಲ್ಲಿ ನಡೆಯಿತು. ಅಲ್ಲಿ ಕೇರಳದ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಸಾವಿರಾರು ಹೆಕ್ಟೇರು ಗೇರು ತೋಟಗಳಿಗೆ ಚಹಾ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವ ಸಲುವಾಗಿ ಎಂಡೋಸಲ್ಫಾನ್ ಎಂಬ ವಿಷವನ್ನು 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಗುಡ್ಡಗಳ ನೆತ್ತಿಯಲ್ಲಿ ತೋಟ, ತಪ್ಪಲಿನಲ್ಲಿ ಮನೆ. ಅಲ್ಲಿಯ ಜನ ಕುಡಿಯುವುದು ಗುಡ್ಡವನ್ನು ಕೊರೆದು ತೆಗೆದ ಸುರಂಗಗಳ ನೀರನ್ನು, ತೋಡುಗಳ ನೀರನ್ನು. ಬಾವಿಗೆ ಮುಚ್ಚಳ ಹಾಕಬಹುದು. ಹರಿಯುವ ತೋಡಿಗೆ ಹಾಕಲಾದೀತೇ? ಕೈಕಾಲು ತಿರುಚಿದ ಕರುಗಳು ಹುಟ್ಟುತ್ತಿರುವುದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಎಚ್ಚರಿಸಿ ಬರೆದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯಗಳಿಂದ ನರಳುವ ಮಕ್ಕಳು ಒಂದೇ ಪ್ರದೇಶದಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಏಕೆ ಎಂದು ಪ್ರಶ್ನಿಸಿದರು. ಕೃಷಿ ಇಲಾಖೆಯಲ್ಲಿ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಸಿಂಪಡಣೆಯ ಪ್ರದೇಶದ 117 ಬಾಲಕರನ್ನೂ ಸಿಂಪಡಣೆಯಿಲ್ಲದ ಊರಿನ 90 ಬಾಲಕರನ್ನೂ ಹೋಲಿಸಿ ನೋಡಿದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಮೊದಲಿನವರ ರಕ್ತದಲ್ಲಿ ಆ ವಿಷವು ಹೆಚ್ಚಾಗಿತ್ತು. ಅವರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಈ ಅಧ್ಯಯನವು 2003ರಲ್ಲಿ ಪ್ರಕಟವಾಯಿತು.

ಕರ್ನಾಟಕವೂ ಇದರಿಂದ ಹೊರತಲ್ಲ. ಇಲ್ಲಿಯ ಸರಕಾರಿ ಗೇರು ತೋಟಗಳಿಗೂ ಇದೇ ವಿಷ ಬಿದ್ದಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹೆಸರು ಅದರಿಂದಾಗಿಯೇ ನಾಡಿಗೆ ತಿಳಿಯಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಷ್ಟೇ ಅಲ್ಲ, ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಪೀಡಿತರೆಂದು ಸರಕಾರವೇ ಗುರುತಿಸಿದವರಿದ್ದಾರೆ. 2011ರಲ್ಲಿ ಮೊದಲು ಕರ್ನಾಟಕ ಸರಕಾರವು, ಅನಂತರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ತಡೆದವು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಗತ್ತಿನಿಂದಲೇ ಅದನ್ನು ತೊಲಗಿಸಲು ನಿಶ್ಚಯಿಸಿದವು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆಜ್ಞಾಪಿಸಿತು. ಆದರೆ ಆ ಹೊತ್ತಿಗೆ ಸಿಂಪಡಣೆಯ ಆರಂಭದ ವರ್ಷಗಳಲ್ಲಿ ಹುಟ್ಟಿದ ಶಿಶುಗಳು ಮೂವತ್ತು ದಾಟಿದ್ದರು. ಅವರಲ್ಲಿ ಎಷ್ಟೋ ಮಂದಿಯನ್ನು ವೃದ್ಧರಾದ ತಾಯಂದಿರು ಇನ್ನೂ ಎತ್ತಿ ಮಲಗಿಸಬೇಕಾಗಿತ್ತು.

ಪ್ರಕೃತ ವಿಚಾರಕ್ಕೆ ಬರೋಣ. ಇಲ್ಲಿ ಮೊದಲನೆಯ ಶಂಕೆಯು ಹೀಗೆ ಏಳಬಹುದು: ಸಿಂಪಡಿಸಿದವರಿಗೆ ಮಕ್ಕಳ ಮೇಲೆ ದ್ವೇಷವಿರಲಿಲ್ಲ, ಒಲೆ ಹೊತ್ತಿಸಿದವರಿಗೂ ಇಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ವಿಧವಾಗಿ ಹೇಳುವಾಗ ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಅಡಿಗೆಯು ಆರಂಭಕ್ಕೆ, ಬೇಸಾಯವು ಉದ್ಯೋಗಕ್ಕೆ ಸೇರಿದವು. ಹಾಗಿರುವಾಗ ದೋಷವೆಲ್ಲಿ?

ಇದಕ್ಕೆ ಸಮಾಧಾನವಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಮುಂದಿಟ್ಟಿರುವುದು ದ್ವೇಷವನ್ನಲ್ಲ, ಪ್ರಮಾದವನ್ನು. ಆರಂಭೀ, ಉದ್ಯೋಗೀ ಹಿಂಸೆಗಳಿಗೆ ಗೃಹಸ್ಥನಿಗಿರುವ ವಿನಾಯಿತಿಯು ಯತ್ನಾಚಾರದಿಂದ ನಡೆಯುವವನಿಗೆ ಮಾತ್ರ, ಎಚ್ಚರವಿಲ್ಲದವನಿಗೆ ಅಲ್ಲ. ವಿಷ, ಶಸ್ತ್ರ, ಬೆಂಕಿ ಮೊದಲಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರಿಗೆ ಒದಗಿಸುವುದನ್ನು ಆಚಾರ್ಯರು ಹಿಂಸಾದಾನವೆಂದು ಕರೆದು, ಅದನ್ನು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅದೇ ಗುಂಪಿನಲ್ಲಿ ಪ್ರಮಾದಚರ್ಯೆಯೂ ಇದೆ. ಅಲ್ಲದೆ ಪ್ರಾಣವೆಂದರೆ ಬರಿಯ ಆಯುಸ್ಸಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಸ್ಸು ಎಂದು ಪ್ರಾಣಗಳು ಹತ್ತು. ಸೀಸವು ಮಗುವಿನ ಬುದ್ಧಿಯನ್ನು ಕುಗ್ಗಿಸಿದಾಗ ಮನೋಬಲಕ್ಕೆ ಘಾತವಾಯಿತು. ಪಾದರಸವು ನಾಲಗೆಯನ್ನು ತೊದಲಿಸಿದಾಗ ವಚನಬಲಕ್ಕೆ. ಹೊಗೆಯು ಎದೆಯನ್ನು ಕಟ್ಟಿಸಿದಾಗ ಶ್ವಾಸೋಚ್ಛ್ವಾಸಕ್ಕೆ. ಮಗು ಬದುಕಿಯೇ ಇದೆಯಲ್ಲ ಎಂಬ ಮಾತು ಆದುದರಿಂದ ಇಲ್ಲಿ ನಿಲ್ಲುವುದಿಲ್ಲ.

ಎರಡನೆಯ ಶಂಕೆ ಇನ್ನೂ ಪ್ರಬಲವಾದುದು. ಕಾಸರಗೋಡಿನ ಅಧ್ಯಯನಗಳ ಮೇಲೆ ವಾದವಿವಾದಗಳು ನಡೆದಿವೆ. ಒಂದೊಂದು ಮಗುವಿನ ರೋಗಕ್ಕೂ ಇದೇ ಕಾರಣವೆಂದು ಪ್ರತ್ಯೇಕವಾಗಿ ಸಿದ್ಧಪಡಿಸುವುದು ಅಸಾಧ್ಯವೆಂಬುದೂ ನಿಜ. ನಿಶ್ಚಿತವಾದ ಪ್ರಮಾಣವಿಲ್ಲದೆ ಉಪಯುಕ್ತವಾದ ವಸ್ತುವನ್ನು ಬಿಡಬೇಕೇ, ಬೆಳೆಯನ್ನು ನಂಬಿದವನ ಗತಿಯೇನು ಎಂದು ಕೇಳುವವರ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಆದರೆ ನೀರು ಸೋಸುವ ಶ್ರಾವಕರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರವು ದಿನವೂ ನಡೆಯುತ್ತಿದೆ. ಬಾವಿಯಿಂದ ತಂದ ಕೊಡದಲ್ಲಿ ಜೀವಿಗಳಿವೆಯೆಂದು ಪ್ರಮಾಣ ಸಿಕ್ಕಿದ ಮೇಲೆ ಯಾವ ಗೃಹಿಣಿಯೂ ಬಟ್ಟೆ ಹಿಡಿಯುವುದಿಲ್ಲ. ಇರಬಹುದು ಎಂಬುದೇ ಅವಳಿಗೆ ಸಾಕು. ಅರಿವೆಯನ್ನು ಎರಡು ಪದರವಾಗಿ ಮಡಿಚಿ ಸೋಸುತ್ತಾಳೆ. ಬಟ್ಟೆಯಲ್ಲಿ ಉಳಿದುದನ್ನು ಚೆಲ್ಲದೆ ಸೇದಿದ ಬಾವಿಗೇ ಮರಳಿ ಬಿಡುತ್ತಾಳೆ. ಸೂಕ್ಷ್ಮದರ್ಶಕ ಯಂತ್ರವು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಈ ಆಚಾರವಿದ್ದಿತು. ಎಂದರೆ, ಕಾಣದ ಜೀವಕ್ಕೆ ಬಾಧೆಯಾಗಬಹುದೆಂಬ ಬಲವಾದ ಸಂದೇಹವೇ ಎಚ್ಚರಕ್ಕೆ ಸಾಕಾದ ಕಾರಣವೆಂದು ಈ ಪರಂಪರೆಯು ಒಪ್ಪಿದೆ. ನೀರಿನಲ್ಲಿರಬಹುದಾದ ಕಾಣದ ಜೀವಿಗಾಗಿ ಇಷ್ಟು ಮಾಡುವವನು, ಕಣ್ಣೆದುರಿಗೇ ಆಡುತ್ತಿರುವ ಕೂಸಿನ ವಿಷಯದಲ್ಲಿ ಪೂರ್ಣವಾದ ಪ್ರಮಾಣಕ್ಕಾಗಿ ಕಾಯುತ್ತೇನೆನ್ನುವುದು ಸಂಗತವಲ್ಲ. ಹಾಗೆಂದು ಪ್ರತಿಯೊಂದು ವದಂತಿಗೂ ಹೆದರಬೇಕೆಂದಲ್ಲ. ಕರುಗಳು ವಿಕಲವಾಗಿ ಹುಟ್ಟಿದವು, ವೈದ್ಯರು ಎಚ್ಚರಿಸಿದರು, ಆದರೂ ಮದ್ದು ಬೀಳುವುದು ನಿಲ್ಲಲಿಲ್ಲ. ತಿಳಿಯದೆ ಮಾಡಿದುದು ಒಂದು. ತಿಳಿಯುವ ಅವಕಾಶ ಬಂದಾಗ ತಿಳಿದುಕೊಳ್ಳದೆ ಮುಂದುವರಿಸಿದುದು ಇನ್ನೊಂದು. ಎರಡನೆಯದಕ್ಕೆ ಪ್ರಮಾದವೆಂಬುದಲ್ಲದೆ ಬೇರೆ ಹೆಸರಿಲ್ಲ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಮಾತಿದೆ. ಸೋಸಿದ ನೀರು, ಕಾಯಿಸಿದ ನೀರು ಜೀವರಹಿತವಾದೀತೇ ಹೊರತು ವಿಷರಹಿತವಾಗದು. ಬಟ್ಟೆಯ ಪದರವು ಸೀಸವನ್ನಾಗಲಿ ಕೀಟನಾಶಕವನ್ನಾಗಲಿ ತಡೆಯುವುದಿಲ್ಲ. ಆಚಾರದ ಬಟ್ಟೆಯನ್ನು ಹಿಡಿದು, ಅದರ ಹಿಂದಿನ ಎಚ್ಚರವನ್ನು ಕೈಬಿಟ್ಟರೆ ವ್ರತದ ಹೊರಕವಚ ಮಾತ್ರ ಉಳಿಯುತ್ತದೆ.

ಮೂರನೆಯ ಶಂಕೆಯು ಕರ್ಮಸಿದ್ಧಾಂತವನ್ನು ಮುಂದಿಟ್ಟು ಬರುವುದು: ಮಗುವಿನ ದುಃಖವು ಅದರ ಪೂರ್ವಾರ್ಜಿತ ಅಸಾತಾವೇದನೀಯ ಕರ್ಮದ ಫಲ, ಅನ್ಯರು ಅದಕ್ಕೆ ಹೇಗೆ ಹೊಣೆಯಾದಾರು? ಈ ಮಾತನ್ನು ವಿಕಲಾಂಗ ಮಗುವಿನ ತಾಯಿಯ ಎದುರಿಗೇ ಆಡುವವರೂ ಇದ್ದಾರೆ. ಇದು ಸಿದ್ಧಾಂತವನ್ನು ತಲೆಕೆಳಗು ಮಾಡುವುದು. ಕರ್ಮವು ಉದಯಕ್ಕೆ ಬರುವಲ್ಲಿ ಬಾಹ್ಯ ನಿಮಿತ್ತವೂ ಇದೆಯೆಂದು ಶಾಸ್ತ್ರವೇ ಹೇಳುತ್ತದೆ. ನಿಮಿತ್ತನಾದವನು ತನ್ನ ಪ್ರಮಾದದಿಂದ ತನ್ನ ಕರ್ಮವನ್ನು ತಾನು ಕಟ್ಟಿಕೊಳ್ಳುತ್ತಾನೆ. ಎದುರಿನವನ ಪೂರ್ವಕರ್ಮವು ಇವನ ಬಂಧವನ್ನು ಕಡಿಮೆ ಮಾಡುವುದಿಲ್ಲ. ಹಾಗಲ್ಲದಿದ್ದರೆ ಅಹಿಂಸಾವ್ರತವೇ ನಿರರ್ಥಕವಾಗುತ್ತಿತ್ತು, ಏಕೆಂದರೆ ಕೊಲ್ಲಲ್ಪಟ್ಟ ಪ್ರತಿಯೊಂದು ಜೀವದ ಬಗೆಗೂ ಅದೇ ಮಾತನ್ನು ಹೇಳಬಹುದಾಗಿತ್ತು. ಕರ್ಮವಿಚಾರವು ದುಃಖಪಟ್ಟವನು ಸಮತಾಭಾವದಿಂದ ಸಹಿಸಲೆಂದು ಇರುವುದು; ದುಃಖ ಕೊಟ್ಟವನು ನೆಮ್ಮದಿಯಿಂದ ನಿದ್ರಿಸಲೆಂದಲ್ಲ.

ಹೊಣೆಯ ಮಾತು ಬಂದಾಗ ಅದು ಯಾರ ತಲೆಗೆ ಎಷ್ಟು ಎಂಬುದನ್ನೂ ನ್ಯಾಯವಾಗಿ ತೂಗಬೇಕು. ಹಸಿ ಕಟ್ಟಿಗೆಯ ಹೊಗೆ ಕುಡಿಯುತ್ತ ಅನ್ನ ಬೇಯಿಸುವ ತಾಯಿಗೆ ಹೊಗೆ ಕೆಡುಕೆಂದು ತಿಳಿಯದೆ ಇಲ್ಲ. ಅವಳ ಕಣ್ಣೇ ಅದನ್ನು ಹೇಳುತ್ತದೆ. ಬೇರೆ ಉಪಾಯವಿಲ್ಲದವಳನ್ನು ದೂರುವುದು ಇನ್ನೊಂದು ಹಿಂಸೆ. ದೋಷವು ಉಪಾಯವಿದ್ದೂ ಮಾಡದವರದು: ಮನೆಯ ಮುಂಭಾಗಕ್ಕೆ ಬಣ್ಣ ಹೊಡೆಸಲು ಹಣವಿದ್ದು ಅಡಿಗೆಮನೆಗೆ ಹೊಗೆಗೂಡು ಕಟ್ಟಿಸದ ಯಜಮಾನನದು, ಕಡಿಮೆ ಖರ್ಚಿನಲ್ಲಿ ಆಗುವುದನ್ನು ತಿಳಿದೂ ಹಳ್ಳಿಗೆ ಮುಟ್ಟಿಸದ ಅಧಿಕಾರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ, ಕಟ್ಟಿಗೆಯೂ ಕಡಿಮೆ ಸಾಕಾಗುವ ಒಲೆಯನ್ನು ರೂಪಿಸಿಕೊಟ್ಟು ನಾಲ್ಕು ದಶಕಗಳಾದವು. 2016ರಿಂದ ಉಜ್ವಲಾ ಯೋಜನೆಯಲ್ಲಿ ಬಡವರ ಮನೆಗಳಿಗೂ ಅಡಿಗೆ ಅನಿಲ ಬಂದಿದೆ. ಆದರೆ ಸಿಲಿಂಡರು ತುಂಬಿಸಲು ಹಣ ಸಾಲದೆ ಮಳೆಗಾಲದಲ್ಲಿ ಮತ್ತೆ ಕಟ್ಟಿಗೆಗೆ ಮರಳುವ ಮನೆಗಳಿವೆ. ಔಷಧದಾನ, ಅಭಯದಾನಗಳೆಂದು ಕೊಡುವ ಹಣದಲ್ಲಿ ಇಂಥ ಒಂದು ಮನೆಯ ಬಸುರಿ ಬಾಣಂತಿಗೆ ನಾಲ್ಕು ತಿಂಗಳ ಅನಿಲವನ್ನು ಕೊಡಿಸಿದರೆ ಎರಡು ದಾನಗಳೂ ಒಟ್ಟಿಗೆ ಆದಂತೆ.

ವಿಶೇಷವೇನೆಂದರೆ, ಶ್ರಾವಕರು ಸೂಕ್ಷ್ಮಜೀವಿಗಳ ರಕ್ಷಣೆಗೆಂದು ಸಂಚಾರವನ್ನೂ ಹಸಿರು ತರಕಾರಿಯನ್ನೂ ಮಿತಗೊಳಿಸುವ ಚಾತುರ್ಮಾಸ್ಯವೇ ಘಟ್ಟದ ಕೆಳಗಿನ ಊರುಗಳಲ್ಲಿ ಅಡಿಗೆಮನೆಯ ಹೊಗೆ ದಟ್ಟವಾಗುವ ಕಾಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲವೂ ಅದೇ. ಆದುದರಿಂದ ಜೀವಾವಧಿಯ ಯಮವಾಗಿ ಆಗದಿದ್ದರೂ ನಾಲ್ಕು ತಿಂಗಳ ನಿಯಮವಾಗಿಯಾದರೂ ಕೆಲವನ್ನು ಸ್ವೀಕರಿಸಬಹುದು. ಮದ್ದು ಹೊಡೆಯುವ ದಿನ ಗರ್ಭಿಣಿಯರನ್ನೂ ಮಕ್ಕಳನ್ನೂ ತೋಟಕ್ಕೆ ಬಿಡದಿರುವುದು. ಮದ್ದಿನ ಬಟ್ಟೆಗಳನ್ನು ಮಗುವಿನ ಬಟ್ಟೆಗಳೊಡನೆ ಒಗೆಯದಿರುವುದು. ಕೀಟನಾಶಕದ ಖಾಲಿ ಡಬ್ಬಗಳಲ್ಲಿ ನೀರನ್ನೋ ಎಣ್ಣೆಯನ್ನೋ ತುಂಬದಿರುವುದು. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕದಿರುವುದು. ಕೂಸಿರುವ ಕೋಣೆಯಲ್ಲಿ ಬೀಡಿ ಸಿಗರೇಟು ಸೇದದಿರುವುದು. ಹಳೆಯ ತೊಟ್ಟಿಲ ಬಣ್ಣ ಕಳಚುತ್ತಿದ್ದರೆ ಅದರಲ್ಲಿ ಸೀಸವಿರಬಹುದೆಂದು ತಿಳಿದು ಮಗುವನ್ನು ಅದರಲ್ಲಿ ಮಲಗಿಸದಿರುವುದು. ಬಸುರಿಯರು, ಮೊಲೆಯೂಡಿಸುವ ತಾಯಂದಿರು ದೀರ್ಘವಾದ ಉಪವಾಸಕ್ಕೆ ಮನಸ್ಸು ಮಾಡಿದಾಗ, ಅವರ ಹಸಿವು ಅವರೊಬ್ಬರದೇ ಅಲ್ಲವೆಂಬುದನ್ನು ಹಿರಿಯರು ನೆನಪಿಸಿ, ಸ್ವಾಧ್ಯಾಯ, ಜಪ, ರಸತ್ಯಾಗಗಳಂಥ ಬೇರೆ ತಪಸ್ಸಿನ ಕಡೆಗೆ ಅವರನ್ನು ತಿರುಗಿಸುವುದು ಯುಕ್ತ. ಇನ್ನು, ಒಬ್ಬನ ಮನೆಯಿಂದ ಆಗದಿರುವ ಕೆಲಸಗಳೂ ಇವೆ. ಊರಿನ ಮೇಲೆ ಯಾವ ಮದ್ದು ಬೀಳುತ್ತಿದೆ, ಯಾವ ಧೂಳು ಏಳುತ್ತಿದೆ ಎಂದು ಪಂಚಾಯತಿಯಲ್ಲಿ ಕೇಳುವುದೂ ಯತ್ನಾಚಾರದಲ್ಲಿ ಸೇರಿದುದೇ.

ಇವುಗಳಲ್ಲಿ ಯಾವುದೂ ಕಠಿಣವಾದ ತಪಸ್ಸಲ್ಲ. ಇವುಗಳಿಗೆ ಪಾರಣೆಯ ಉತ್ಸವವಿಲ್ಲ, ಮೆರವಣಿಗೆಯಿಲ್ಲ. ಆದರೆ ಎಂಟು ವರ್ಷ ತುಂಬಿದ ಮೇಲೆ ಮಗುವು ಸಂಯಮಕ್ಕೆ ಅರ್ಹವಾಗುತ್ತದೆಂಬ ಮಾತು ಸಾರ್ಥಕವಾಗಬೇಕಾದರೆ, ಬೇಕು ಬೇಡಗಳನ್ನು ವಿವೇಚಿಸುವ ಬುದ್ಧಿ, ಕುಳಿತು ಕೇಳುವ ಗಮನ, ಮಂತ್ರವನ್ನು ಉಚ್ಚರಿಸುವ ನಾಲಗೆ, ದಣಿಯದ ಉಸಿರು ಆ ದಿನದವರೆಗೆ ಅದರಲ್ಲಿ ಉಳಿದಿರಬೇಕು. ಅವನ್ನು ಉಳಿಸಿಕೊಡುವ ಕೆಲಸವು ಮಗುವಿನದಲ್ಲ, ಹಿರಿಯರದು.